ಗೇಟಿನಿಂದ ಬಸ್ ಸ್ಟಾಪಿನವರೆಗೆ

ಬೆಂಗಳೂರಿನ ಹೊರವಲಯದಲ್ಲಿ ಮನೆ ಕೊಳ್ಳಲು ಹೊರಟವರ ಬಳಿ ಪ್ರಶ್ನೆಗಳಿಗೆ ಬರವಿಲ್ಲ. ಖಾತಾ ಎಯೋ ಬಿಯೋ, ಕಾವೇರಿ ನೀರು ಬರುತ್ತದೋ ಟ್ಯಾಂಕರೇ ಗತಿಯೋ, ಮೆಟ್ರೊ ಎಷ್ಟು ದೂರ, ಮಕ್ಕಳಿಗೆ ಶಾಲೆ ಯಾವುದು, ಬ್ಯಾಂಕಿನವರು ಸಾಲಕ್ಕೆ ಒಪ್ಪುತ್ತಾರೋ ಇಲ್ಲವೋ. ಇವಕ್ಕೆಲ್ಲ ಕಾಗದ ಕೇಳುತ್ತಾರೆ, ವಕೀಲರಿಗೆ ತೋರಿಸುತ್ತಾರೆ, ಊರಿನಿಂದ ದೊಡ್ಡಪ್ಪನನ್ನೋ ಮಾವನನ್ನೋ ಕರೆಸಿ ಒಮ್ಮೆ ನೋಡಿಸುತ್ತಾರೆ. ಎಲ್ಲ ಮುಗಿದು ಕಾರು ಹತ್ತುವಾಗ ಬ್ರೋಕರ್ ಕಡೆ ತಿರುಗಿ ಒಂದು ಮಾತು ಕೇಳುತ್ತಾರೆ: ‘ಏರಿಯಾ ಸೇಫಾ?’ ಉತ್ತರ ಎಲ್ಲ ಕಡೆಯೂ ಒಂದೇ: ‘ಫುಲ್ ಸೇಫ್ ಸರ್, ಇಪ್ಪತ್ನಾಲ್ಕು ಗಂಟೆ ಸೆಕ್ಯುರಿಟಿ ಇದೆ, ಸಿಸಿಟಿವಿ ಇದೆ.’ ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಮನೆಯ ಬಗ್ಗೆ, ಮಗಳು ಟ್ಯೂಷನ್ ಮುಗಿಸಿ ನಡೆದು ಬರಬೇಕಾದ ದಾರಿಯ ಬಗ್ಗೆ, ಮಾರುವವರ ಬಾಯಿಮಾತೊಂದೇ ಆಧಾರ.

ಬ್ರೋಕರ್ ಸುಳ್ಳು ಹೇಳುತ್ತಾರೆಂದಲ್ಲ. ಗೇಟಿನೊಳಗಿನ ಮಟ್ಟಿಗೆ ಅವರ ಮಾತು ಬಹುಪಾಲು ನಿಜವೇ. ಎತ್ತರದ ಕಾಂಪೌಂಡು, ಬಾಗಿಲಲ್ಲಿ ಕಾವಲು, ಬಂದುಹೋದವರ ಹೆಸರು ದಾಖಲಿಸುವ ಆ್ಯಪ್ ಎಲ್ಲವೂ ಇರುತ್ತವೆ. ಆದರೆ ಮನೆಯವರು ದಿನವಿಡೀ ಗೇಟಿನೊಳಗೇ ಕುಳಿತಿರುವುದಿಲ್ಲವಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಎರಡನೇ ಪಾಳಿ ಮುಗಿಸಿ ಬರುವ ನರ್ಸು, ಬೆಳಗಿನ ಜಾವ ವಾಕಿಂಗ್ ಹೊರಡುವ ಅಜ್ಜಿ, ಸಂಜೆ ಪಾತ್ರೆ ತೊಳೆದು ಮನೆಗೆ ಮರಳುವ ಕೆಲಸದಾಕೆ ಎಲ್ಲರೂ ಗೇಟು ದಾಟಲೇಬೇಕು. ಹೊರವಲಯದ ಮನೆ ಎಷ್ಟು ಸುರಕ್ಷಿತ ಎಂಬುದು ನಿರ್ಧಾರವಾಗುವುದು ಗೇಟಿನಿಂದ ಬಸ್ ಸ್ಟಾಪಿನವರೆಗಿನ ಆ ಅರ್ಧ, ಮುಕ್ಕಾಲು ಕಿಲೋಮೀಟರಿನಲ್ಲಿ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದು ಮನೆ ನೋಡಿ ಹೋಗುವವರ ಕಣ್ಣಿಗೆ ಆ ದಾರಿ ಬೀಳುವುದೇ ಇಲ್ಲ.

ಯಾವ ಠಾಣೆ, ಯಾರ ಹದ್ದು

ಮೊದಲು ತಿಳಿಯಬೇಕಾದದ್ದು ಮನೆ ಯಾವ ಪೊಲೀಸ್ ಠಾಣೆಯ ವ್ಯಾಪ್ತಿಗೆ ಬರುತ್ತದೆ ಎಂಬುದು. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಸಣ್ಣದಲ್ಲ. ಸರ್ಜಾಪುರ ರಸ್ತೆಯನ್ನೇ ನೋಡಿ. ಕೋರಮಂಗಲದಿಂದ ಹೊರಟು ಅಗರ, ಬೆಳ್ಳಂದೂರು, ದೊಡ್ಡಕನ್ನೆಲ್ಲಿ, ಕಾರ್ಮೆಲರಾಂ, ಕೊಡತಿ ದಾಟಿ ದೊಮ್ಮಸಂದ್ರದ ಮೂಲಕ ಸರ್ಜಾಪುರ ಮುಟ್ಟುವ ಈ ರಸ್ತೆಯ ಇಕ್ಕೆಲದಲ್ಲೂ ಅಪಾರ್ಟ್‌ಮೆಂಟು, ವಿಲ್ಲಾಗಳ ಸಾಲು. ಜಾಹೀರಾತಿನಲ್ಲಿ ಎಲ್ಲಕ್ಕೂ ಒಂದೇ ವಿಳಾಸ: ‘ಸರ್ಜಾಪುರ ರಸ್ತೆ, ಬೆಂಗಳೂರು’. ಆದರೆ ಬೆಳ್ಳಂದೂರು ಠಾಣೆ ನಗರ ಪೊಲೀಸ್ ಕಮಿಷನರ್ ಅವರ ಕೈಕೆಳಗಿನದು. ಅದೇ ರಸ್ತೆಯಲ್ಲಿ ಮುಂದೆ ಸಿಗುವ ಸರ್ಜಾಪುರ ಠಾಣೆ ಬಹುಕಾಲದಿಂದ ಬೆಂಗಳೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ, ಅಂದರೆ ಎಸ್‌ಪಿಯವರ ವ್ಯಾಪ್ತಿ. ಸರ್ಜಾಪುರ ಇರುವ ಆನೇಕಲ್ ತಾಲ್ಲೂಕು ಕಂದಾಯ ಇಲಾಖೆಯ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು, ಪೊಲೀಸ್ ಲೆಕ್ಕದಲ್ಲಿ ಅದರ ಬಹುಭಾಗ ನಗರದ ಆಚೆ ಉಳಿದದ್ದು.

ನಗರ ಪೊಲೀಸರ ಹೊಯ್ಸಳ ವಾಹನಗಳು, ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಹಾಕಿದ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು, 2023ರ ನವೆಂಬರಿನಲ್ಲಿ ಉದ್ಘಾಟನೆಯಾದ ಕಮಾಂಡ್ ಸೆಂಟರ್ ಎಲ್ಲವೂ ನಗರ ಕಮಿಷನರೇಟಿಗೆ ಕಟ್ಟಿದ ವ್ಯವಸ್ಥೆಗಳು. ಪತ್ರಿಕೆಯಲ್ಲಿ ‘ಬೆಂಗಳೂರಿಗೆ ಹೊಸ ಕ್ಯಾಮೆರಾ’ ಎಂದು ಓದಿದ ಕೂಡಲೇ ಅದು ನಿಮ್ಮ ಲೇಔಟಿಗೂ ಬಂತೆಂದು ತಿಳಿಯಬಾರದು. 112ಕ್ಕೆ ಕರೆ ಮಾಡಿದರೆ ಎರಡೂ ಕಡೆ ಪೊಲೀಸರು ಬರುತ್ತಾರೆ, ಅದು ರಾಜ್ಯಕ್ಕೆಲ್ಲ ಒಂದೇ. ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಆ ಠಾಣೆಗೆ ಎಷ್ಟು ಊರುಗಳಿವೆ, ಎಷ್ಟು ಜೀಪುಗಳಿವೆ ಎಂಬುದರ ಮೇಲೆ ನಿಂತಿದೆ. ಹೊಲಗದ್ದೆಗಳ ಕಾಲದಲ್ಲಿ ಗುರುತಾದ ಹದ್ದಿನೊಳಗೆ ಇಂದು ಗೋಪುರಗಳು ಎದ್ದಿವೆ. ಜನ ಹೆಚ್ಚಿದ ವೇಗದಲ್ಲಿ ಠಾಣೆಯ ಸಿಬ್ಬಂದಿ ಹೆಚ್ಚಿಲ್ಲ.

ಹದ್ದಿನ ಮೇಲೆ ಮನೆಯಿದ್ದರೆ ಇನ್ನೊಂದು ತಾಪತ್ರಯ. ಸರ ಕಿತ್ತುಕೊಂಡು ಹೋದ ಜಾಗ ‘ನಮ್ಮ ಲಿಮಿಟ್ಸ್ ಅಲ್ಲ, ಪಕ್ಕದ ಠಾಣೆಗೆ ಹೋಗಿ’ ಎಂಬ ಮಾತು ಕೇಳದವರು ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯೂ ತೆಗೆದುಕೊಳ್ಳಲೇಬೇಕು. ಜೀರೊ ಎಫ್‌ಐಆರ್ ಎನ್ನುವುದು ಇದನ್ನೇ. ಹದ್ದಿನ ಮನೆಯವರು ಈ ಕಲಮಿನ ಸಂಖ್ಯೆಯನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅಂಕಿಗಳನ್ನು ಓದುವ ಬಗೆ

‘ಬೆಂಗಳೂರಿನಲ್ಲಿ ಅಪರಾಧ ಏರಿಕೆ’ ಎಂಬ ಸುದ್ದಿ ವರ್ಷಕ್ಕೊಮ್ಮೆ ಬರುತ್ತದೆ. ಅದರ ಮೂಲ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಎನ್‌ಸಿಆರ್‌ಬಿಯ ವಾರ್ಷಿಕ ವರದಿ. ಮನೆ ಕೊಳ್ಳುವವರಿಗೆ ಈ ವರದಿಯಿಂದ ಆಗುವ ಉಪಯೋಗ ಕಡಿಮೆ, ತಪ್ಪು ತಿಳಿವಳಿಕೆಗೆ ಅವಕಾಶ ಹೆಚ್ಚು. ಮೊದಲನೆಯದಾಗಿ ಅದು ಇಡೀ ನಗರದ ಲೆಕ್ಕ. ಯಲಹಂಕವೂ ಕೆಂಗೇರಿಯೂ ವರ್ತೂರೂ ಅದರಲ್ಲಿ ಒಂದೇ ಸಾಲಿನೊಳಗೆ ಅಡಗಿವೆ. ಇನ್ನೊಂದು ಕಾರಣ ಅಷ್ಟಾಗಿ ಯಾರೂ ಗಮನಿಸದ್ದು. ಮಹಾನಗರಗಳ ‘ಅಪರಾಧ ದರ’ ಲೆಕ್ಕ ಹಾಕುವಾಗ ಬ್ಯೂರೊ ಭಾಗಿಸುವುದು 2011ರ ಜನಗಣತಿಯ ಜನಸಂಖ್ಯೆಯಿಂದ. ಬೆಂಗಳೂರಿಗೆ ಅದು 85 ಲಕ್ಷ. 2023ರಲ್ಲಿ ನಗರದಲ್ಲಿ ದಾಖಲಾದ ಸೈಬರ್ ಅಪರಾಧ ಪ್ರಕರಣಗಳು 17,631. ಅದನ್ನು 85 ಲಕ್ಷದಿಂದ ಭಾಗಿಸಿದರೆ ಲಕ್ಷಕ್ಕೆ 207. ಇಂದಿನ ಜನಸಂಖ್ಯೆಯನ್ನು 1 ಕೋಟಿ 30 ಲಕ್ಷ ಎಂದು ಹಿಡಿದು ನೋಡಿದರೆ ಅದೇ ಸಂಖ್ಯೆ 136ರ ಹತ್ತಿರಕ್ಕೆ ಇಳಿಯುತ್ತದೆ. ಹೊರವಲಯದ ಜನಸಂಖ್ಯೆಯಂತೂ ಈ ಅವಧಿಯಲ್ಲಿ ಊರೂರೇ ಬದಲಾಗುವಷ್ಟು ಬೆಳೆದಿದೆ.

ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಪ್ರಾಮಾಣಿಕವಾಗಿ ದೂರು ಬರೆದುಕೊಳ್ಳುವ ಠಾಣೆಯ ಪಟ್ಟಿ ಉದ್ದವಾಗಿ ಕಾಣುತ್ತದೆ, ಬಂದವರನ್ನು ಸಮಾಧಾನ ಹೇಳಿ ಕಳಿಸುವ ಠಾಣೆಯ ಪಟ್ಟಿ ಚಿಕ್ಕದಾಗಿರುತ್ತದೆ. ಉದ್ದ ಪಟ್ಟಿ ನೋಡಿ ಓಡಿಹೋಗುವುದೂ ಸಲ್ಲ, ಚಿಕ್ಕ ಪಟ್ಟಿ ನೋಡಿ ಹಿಗ್ಗುವುದೂ ಸಲ್ಲ.

ಹಾಗಾದರೆ ಠಾಣೆಯ ಮಟ್ಟದ ಮಾಹಿತಿ ಸಿಗುವುದೆಲ್ಲಿ? ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ, ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ, ಎಫ್‌ಐಆರ್‌ಗಳನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಹಾಕಬೇಕೆಂದು ಹೇಳಿತು. ಕರ್ನಾಟಕ ಪೊಲೀಸರ ತಾಣದಲ್ಲಿ ಠಾಣೆಯ ಹೆಸರು ಆರಿಸಿ ಎಫ್‌ಐಆರ್ ಹುಡುಕಬಹುದು. ಒಂದು ಸಂಜೆ ಕುಳಿತು ಹಿಂದಿನ ಕೆಲವು ತಿಂಗಳುಗಳದ್ದು ನೋಡಿದರೆ ಆ ಪ್ರದೇಶದ ನಾಡಿ ಸ್ವಲ್ಪ ಸಿಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 303 ಎಂದರೆ ಕಳವು, ಬೈಕುಗಳೆಲ್ಲ ಬರುವುದು ಇಲ್ಲೇ. 304 ಎಂದರೆ ಕಸಿದುಕೊಂಡು ಹೋಗುವುದು, ಸರ ಮತ್ತು ಮೊಬೈಲ್. ಇದನ್ನು ಪ್ರತ್ಯೇಕ ಅಪರಾಧವಾಗಿ ಹೆಸರಿಸಿದ್ದು ಹೊಸ ಸಂಹಿತೆಯೇ. 305 ಮತ್ತು 331 ಒಟ್ಟಿಗೆ ಕಂಡರೆ ಮನೆಗೆ ಕನ್ನ. ಪೊಲೀಸರ ಲೆಕ್ಕದಲ್ಲಿ ‘ಹಗಲು ಕನ್ನ ಕಳವು’, ‘ರಾತ್ರಿ ಕನ್ನ ಕಳವು’ ಎಂದು ಇವು ಬೇರೆ ಬೇರೆ. ಹಗಲಿನದು ಹೆಚ್ಚಿದ್ದರೆ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗಿ ಬೀದಿಯೇ ಖಾಲಿಯಾಗುವ ಪ್ರದೇಶ ಅದು ಎಂದು ತಿಳಿಯಬಹುದು.

ಆದರೆ ಈ ಪಟ್ಟಿಯಲ್ಲಿ ಏನು ಇರುವುದಿಲ್ಲ ಎಂಬುದನ್ನು ಮರೆತರೆ ಅಪಾಯ. ಬೈಕ್ ಕಳವಾದರೆ ಎಲ್ಲರೂ ದೂರು ಕೊಡುತ್ತಾರೆ, ಏಕೆಂದರೆ ವಿಮೆಗೆ ಎಫ್‌ಐಆರ್ ಬೇಕು. ಚಿನ್ನ ಹೋದರೂ ಕೊಡುತ್ತಾರೆ, ಸಿಕ್ಕೀತೆಂಬ ಆಸೆಯಿಂದ. ಬಸ್ ಸ್ಟಾಪಿನಿಂದ ಹಿಂಬಾಲಿಸಿ ಬಂದವನ ಬಗ್ಗೆ, ಬೈಕಿನಲ್ಲಿ ಪಕ್ಕಕ್ಕೆ ಬಂದು ಮೈಮುಟ್ಟಿ ಹೋದವನ ಬಗ್ಗೆ ಎಷ್ಟು ಹೆಣ್ಣುಮಕ್ಕಳು ಠಾಣೆ ಮೆಟ್ಟಿಲು ಹತ್ತುತ್ತಾರೆ? ಹತ್ತಿದರೂ, ಲೈಂಗಿಕ ಅಪರಾಧಗಳ ಮತ್ತು ಪೋಕ್ಸೊ ಪ್ರಕರಣಗಳ ಎಫ್‌ಐಆರ್ ತಾಣದಲ್ಲಿ ಕಾಣುವುದಿಲ್ಲ. ಸಂತ್ರಸ್ತರ ಗುರುತು ಹೊರಬೀಳಬಾರದೆಂದು ಸುಪ್ರೀಂ ಕೋರ್ಟೇ ಅವನ್ನು ಹೊರಗಿಟ್ಟಿತು, ಅದು ಸರಿಯಾದದ್ದೇ. ಪರಿಣಾಮ ಮಾತ್ರ ಹೀಗೆ: ಯಾವ ಅಪರಾಧದ ಭಯದಿಂದ ತಂದೆತಾಯಿ ಬಡಾವಣೆ ಆರಿಸುತ್ತಾರೋ ಅದೇ ಅಪರಾಧ ಅವರು ನೋಡುವ ಪಟ್ಟಿಯಲ್ಲಿ ಇರುವುದಿಲ್ಲ.

ಇದಕ್ಕೆ ಒಂದು ದಾರಿ ಮಾಹಿತಿ ಹಕ್ಕು. ವ್ಯಕ್ತಿಗಳ ವಿವರ ಬೇಡ, ಸಂಖ್ಯೆ ಸಾಕು: ಈ ಠಾಣೆಯಲ್ಲಿ ಕಳೆದ ಮೂರು ವರ್ಷ ದಾಖಲಾದ ಹಗಲು ಮತ್ತು ರಾತ್ರಿ ಕನ್ನ ಕಳವು, ಸರಗಳ್ಳತನ, ವಾಹನ ಕಳವು, ಮಹಿಳೆಯರ ಮೇಲಿನ ದೌರ್ಜನ್ಯ ಪ್ರಕರಣಗಳೆಷ್ಟು, ಅವುಗಳಲ್ಲಿ ಪತ್ತೆಯಾದವೆಷ್ಟು, ಈ ಬಡಾವಣೆ ಯಾವ ಬೀಟ್‌ಗೆ ಸೇರಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಮನೆ ಹುಡುಕಾಟಕ್ಕೆ ಹೇಗೂ ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ಅವಧಿಯೊಳಗೇ ಉತ್ತರ ಕೈಸೇರುತ್ತದೆ. ಪತ್ತೆಯಾದ ಪ್ರಕರಣಗಳ ಸಂಖ್ಯೆ ಕೇಳುವುದನ್ನು ಬಿಡಬೇಡಿ. ಕಳವು ಎಲ್ಲ ಕಡೆ ಆಗುತ್ತದೆ, ಪತ್ತೆ ಎಲ್ಲ ಕಡೆ ಆಗುವುದಿಲ್ಲ.

ರಾತ್ರಿ ಒಂಬತ್ತೂವರೆಯ ರಸ್ತೆ

ಕಾಗದದಿಂದ ತಿಳಿಯುವುದು ಇಷ್ಟು. ಉಳಿದದ್ದು ಕಾಲಿನಿಂದ ತಿಳಿಯಬೇಕು. ವಾರದ ದಿನ, ರಾತ್ರಿ ಒಂಬತ್ತೂವರೆ ಸುಮಾರಿಗೆ, ಬಸ್ಸಿನಲ್ಲಿ ಬಂದು ಇಳಿದು ಆ ಮನೆಯವರೆಗೆ ನಡೆದು ನೋಡಬೇಕು. ಗಂಡಸರು ಒಬ್ಬರೇ ಹೋಗಿ ಬಂದು ‘ಪರವಾಗಿಲ್ಲ’ ಎಂದರೆ ಸಾಲದು, ಮನೆಯ ಹೆಣ್ಣುಮಕ್ಕಳು ನಡೆಯಬೇಕು.

ದೊಮ್ಮಸಂದ್ರ, ವರ್ತೂರಿನ ಸುತ್ತಮುತ್ತಲ ಅಡ್ಡರಸ್ತೆಗಳಲ್ಲಿ ಆ ಹೊತ್ತಿಗೆ ಕಾಣುವುದು ಹೀಗೆ. ಮುಖ್ಯರಸ್ತೆಯಲ್ಲಿ ಬೇಕರಿ, ಮೆಡಿಕಲ್ ಸ್ಟೋರ್, ಗೋಬಿ ಗಾಡಿಯ ಬೆಳಕು. ತಿರುವಿನಲ್ಲಿ ಒಂದು ಎಳನೀರು ಗಾಡಿ, ಟಾರ್ಪಾಲು ಹೊದಿಸಿ ಕಟ್ಟಿಟ್ಟದ್ದು. ಅಲ್ಲಿಂದ ಮುಂದೆ ಎರಡೂ ಕಡೆ ಕಾಂಪೌಂಡು ಗೋಡೆ, ಆಳೆತ್ತರಕ್ಕಿಂತ ಹೆಚ್ಚು, ಮೇಲೆ ಮುಳ್ಳುತಂತಿಯ ಸುರುಳಿ. ಗೋಡೆಯಾಚೆ ನೂರಾರು ಮನೆಗಳ ದೀಪ ಉರಿಯುತ್ತಿರುತ್ತದೆ, ಆದರೆ ಒಂದೇ ಒಂದು ಕಿಟಕಿಯೂ ರಸ್ತೆಯ ಕಡೆ ತೆರೆದಿರುವುದಿಲ್ಲ. ನಡುವೆ ಖಾಲಿ ಸೈಟು. ಮಾಲೀಕರು ಯಾವುದೋ ದೂರದ ಊರಿನಲ್ಲಿ, ಬೇಲಿಯಿಲ್ಲ, ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ. ಕಂಬಗಳಿವೆ, ಕೆಲವು ಕಂಬಕ್ಕೆ ದೀಪವಿಲ್ಲ. ಪೈಪಿಗೋ ಕೇಬಲ್ಲಿಗೋ ಅಗೆದು ಮುಚ್ಚಿದ ಗುಂಡಿಯಿಂದಾಗಿ ನಡೆಯುವವರು ರಸ್ತೆ ಮಧ್ಯಕ್ಕೆ ಬರಬೇಕು. ಹೌಸ್‌ಕೀಪಿಂಗ್ ಪಾಳಿ ಮುಗಿಸಿದ ಐದಾರು ಹೆಂಗಸರು ಮೊಬೈಲ್ ಟಾರ್ಚ್ ಹಿಡಿದು ಗುಂಪಾಗಿ ಬರುತ್ತಾರೆ. ಒಬ್ಬರಿಗೆ ಕೆಲಸ ಮುಗಿಯುವುದು ತಡವಾದರೆ ಉಳಿದವರು ಗೇಟಿನ ಬಳಿ ನಿಂತು ಕಾಯುತ್ತಾರೆ. ಈ ಕಾಯುವಿಕೆಗಿಂತ ಖಚಿತವಾದ ಸುರಕ್ಷತಾ ವರದಿ ಇನ್ನೊಂದಿಲ್ಲ.

ಅದೇ ಖಾಲಿ ಸೈಟನ್ನು ಹಗಲಿನಲ್ಲೂ ಒಮ್ಮೆ ನೋಡಬೇಕು. ಮದ್ಯದ ಟೆಟ್ರಾ ಪ್ಯಾಕು, ಒಡೆದ ಬಾಟಲಿ, ಇಸ್ಪೀಟು ಎಲೆ, ಸುಟ್ಟ ಸಿಗರೇಟಿನ ತುಂಡು ಬಿದ್ದಿದ್ದರೆ ರಾತ್ರಿ ಅಲ್ಲಿ ಯಾರು ಕೂರುತ್ತಾರೆಂದು ಯಾರೂ ಹೇಳಬೇಕಿಲ್ಲ. ಕುಡಿಯುವವರೆಲ್ಲ ಕೇಡಿಗಳಲ್ಲ. ಆದರೆ ಹದಿನಾರರ ಹುಡುಗಿ ಆ ದಾರಿಯಲ್ಲಿ ನಡೆಯುವುದನ್ನು ಬಿಡುತ್ತಾಳೆ, ಅವಳು ಬಿಟ್ಟ ಮೇಲೆ ಇನ್ನೊಬ್ಬಳು ಬಿಡುತ್ತಾಳೆ, ಕೊನೆಗೆ ಆ ರಸ್ತೆಯಲ್ಲಿ ಹೆಂಗಸರೇ ಕಾಣುವುದಿಲ್ಲ. ಅಲ್ಲಿಂದಾಚೆಗೆ ಅದು ನಿಜವಾಗಿಯೂ ಅಪಾಯದ ರಸ್ತೆ.

ಕಲ್ಪನಾ ವಿಶ್ವನಾಥ್ ಮತ್ತು ಸಂಗಡಿಗರು 2013ರಲ್ಲಿ ಆರಂಭಿಸಿದ ಸೇಫ್ಟಿಪಿನ್ ಎಂಬ ಸಂಸ್ಥೆ ನಗರಗಳ ಬೀದಿಗಳನ್ನು ಅಳೆಯಲು ಒಂಬತ್ತು ಅಂಶಗಳನ್ನು ಇಟ್ಟುಕೊಂಡಿದೆ. ಬೆಳಕು, ಸುತ್ತ ಬಯಲಾಗಿ ಕಾಣುತ್ತದೋ ಇಲ್ಲವೋ, ಸುತ್ತಲಿನ ಮನೆ ಅಂಗಡಿಗಳಿಂದ ನಿಮ್ಮನ್ನು ಯಾರಾದರೂ ನೋಡಬಲ್ಲರೋ, ಜನಸಂಚಾರ, ಕಾವಲು, ಕಾಲುದಾರಿ, ಬಸ್ಸು ಆಟೊಗಳ ಸೌಕರ್ಯ, ಅಲ್ಲಿರುವವರಲ್ಲಿ ಹೆಂಗಸರೆಷ್ಟು ಮಕ್ಕಳೆಷ್ಟು, ಕೊನೆಗೆ ನಡೆದವರಿಗೆ ಏನನ್ನಿಸಿತು. ಗಮನಿಸಿ, ಬಿಲ್ಡರ್‌ಗಳ ಕರಪತ್ರ ಇಡೀ ಪುಟ ತುಂಬುವ ಕಾವಲು ಈ ಒಂಬತ್ತರಲ್ಲಿ ಒಂದು ಮಾತ್ರ. ಉಳಿದ ಎಂಟೂ ರಸ್ತೆಗೆ ಸೇರಿದವು.

ಇಲ್ಲಿ ಅಪಾರ್ಟ್‌ಮೆಂಟ್ ಸಂಘಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗೇಟಿನೆದುರು ಇಸ್ತ್ರಿ ಗಾಡಿ, ತರಕಾರಿ ಗಾಡಿ, ಚಹಾ ಅಂಗಡಿ ಇದ್ದರೆ ‘ನ್ಯೂಸೆನ್ಸ್’ ಎಂದು ದೂರು ಬರೆದು ತೆಗೆಸುವ ಸಂಘಗಳು ಬಹಳ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಆ ರಸ್ತೆಯಲ್ಲಿ ನಿಂತಿದ್ದು, ಎಲ್ಲ ಮಕ್ಕಳ ಮುಖ ಗುರುತಿಟ್ಟುಕೊಂಡು, ಯಾರಾದರೂ ಬೈಕಿನಲ್ಲಿ ಎರಡು ಮೂರು ಸಲ ಸುತ್ತಿದರೆ ‘ಏನಪ್ಪಾ, ಯಾರ ಮನೆ ಬೇಕು?’ ಎಂದು ಕೇಳುವ ಒಬ್ಬನೇ ಮನುಷ್ಯ ಆ ಇಸ್ತ್ರಿಯವನು. ಅವನನ್ನು ಎಬ್ಬಿಸಿ, ಅದೇ ಜಾಗಕ್ಕೆ ಕ್ಯಾಮೆರಾ ಹಾಕುತ್ತಾರೆ. ಕ್ಯಾಮೆರಾ ಪ್ರಶ್ನೆ ಕೇಳುವುದಿಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ 2014ರ ಕೇಂದ್ರ ಕಾಯ್ದೆಯೇ ಇದೆ. ಆದರೆ ಕಾಯ್ದೆಗಿಂತ ಮೊದಲು, ನಮ್ಮ ಮನೆಯವರ ಕ್ಷೇಮಕ್ಕಾಗಿಯೇ ಅವರು ಅಲ್ಲಿರಬೇಕು.

ಬೀಗ ಹಾಕಿದ ಮನೆ

ಇನ್ನು ಕನ್ನಗಳ್ಳತನ. ಇದರಲ್ಲಿ ಕಳ್ಳರ ಬುದ್ಧಿವಂತಿಕೆಗಿಂತ ನಮ್ಮ ಅಭ್ಯಾಸಗಳ ಪಾತ್ರ ದೊಡ್ಡದು. ಎರಡು ದಿನದ ಪೇಪರ್ ಬಾಗಿಲಲ್ಲೇ ಬಿದ್ದಿರುವುದು, ಹೊಸಿಲ ಮುಂದೆ ರಂಗೋಲಿ ಇಲ್ಲದಿರುವುದು, ಹಗಲಲ್ಲೂ ಪೋರ್ಟಿಕೊ ದೀಪ ಉರಿಯುವುದು, ಹೊರಬಾಗಿಲಿಗೆ ದೊಡ್ಡ ಬೀಗ ನೇತಾಡುವುದು, ಇವೆಲ್ಲ ಮನೆಯಲ್ಲಿ ಯಾರೂ ಇಲ್ಲ ಎಂದು ಬೋರ್ಡು ಹಾಕಿದಂತೆ. ಹೊರವಲಯದ ಹೊಸ ಲೇಔಟುಗಳಲ್ಲಿ ಹತ್ತು ಸೈಟಿಗೆ ಮೂರು ಮನೆ ಎದ್ದಿರುತ್ತವೆ, ಅಕ್ಕಪಕ್ಕ ಕೇಳುವವರಿಲ್ಲ. ದಸರಾ, ಯುಗಾದಿ, ಬೇಸಿಗೆ ರಜೆಗೆ ಊರಿಗೆ ಹೊರಟಾಗ ಠಾಣೆಗೆ ತಿಳಿಸಿ ಹೋಗಿ ಎಂದು ಪೊಲೀಸರು ಪ್ರತಿವರ್ಷ ಕೇಳಿಕೊಳ್ಳುತ್ತಾರೆ. ಬೀಟ್ ಕಾನ್‌ಸ್ಟೆಬಲ್ ಆ ಮನೆಯನ್ನು ಗಸ್ತಿಗೆ ಸೇರಿಸಿಕೊಳ್ಳುತ್ತಾರೆ. ರಾಜ್ಯ ಸರ್ಕಾರ 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವನ್ನೂ ಶುರುಮಾಡಿತು. ಬೀಟ್ ಸಿಬ್ಬಂದಿಯೇ ಮನೆಗೆ ಬಂದು ಪರಿಚಯ ಮಾಡಿಕೊಳ್ಳಬೇಕೆಂಬುದು ಅದರ ಉದ್ದೇಶ. ನೀವು ನೋಡುತ್ತಿರುವ ಬಡಾವಣೆಯಲ್ಲಿ ಈಗಾಗಲೇ ಇರುವವರನ್ನು ಕೇಳಿ: ನಿಮ್ಮ ಬೀಟ್ ಪೊಲೀಸರ ಹೆಸರೇನು? ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಕ್ಯಾಮೆರಾ ಬಗ್ಗೆಯೂ ಕೇಳುವ ಪ್ರಶ್ನೆ ಬೇರೆ. ಎಷ್ಟು ಕ್ಯಾಮೆರಾ ಎಂದಲ್ಲ, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಅದರಲ್ಲಿ ರಾತ್ರಿ ಬೈಕಿನ ನಂಬರ್ ಪ್ಲೇಟ್ ಓದಬಹುದೋ ಇಲ್ಲವೋ ಎಂದು. ನೂರು ಜನ ಒಮ್ಮೆಗೆ ಸೇರುವ ಅಥವಾ ದಿನಕ್ಕೆ ಐನೂರು ಜನ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಿ ಮೂವತ್ತು ದಿನದ ದೃಶ್ಯ ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅಪಾರ್ಟ್‌ಮೆಂಟ್‌ಗಳೂ ಆ ಮೂವತ್ತು ದಿನವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಊರಿಂದ ಹಿಂದಿರುಗಿ ಕಳವು ಗೊತ್ತಾಗುವ ಹೊತ್ತಿಗೆ ಒಂದು ವಾರದ ದೃಶ್ಯ ಅಳಿಸಿಹೋಗಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ.

ಕಳವಾದ ಕೂಡಲೇ ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದು ನನ್ನನ್ನು ಬಹಳ ನೋಯಿಸುವ ವಿಷಯ. ಬಿಹಾರದ ಮೇಸ್ತ್ರಿ, ಅಸ್ಸಾಮಿನ ಸೆಕ್ಯುರಿಟಿ ಹುಡುಗ, ನೇಪಾಳದ ಅಡುಗೆಯವನು, ಕಲಬುರಗಿ ರಾಯಚೂರಿನಿಂದ ಕೂಲಿಗೆ ಬಂದ ಸಂಸಾರ. ಈ ಕಟ್ಟಡಗಳನ್ನು ಕಟ್ಟಿದವರೇ ಕಟ್ಟಡ ಎದ್ದ ಮೇಲೆ ಶಂಕಿತರ ಪಟ್ಟಿಯ ಮೊದಲಲ್ಲಿರುತ್ತಾರೆ. ಕೆಲಸಕ್ಕೆ ಇಟ್ಟುಕೊಳ್ಳುವವರ ಪೂರ್ವಾಪರ ಪೊಲೀಸರ ಮೂಲಕ ಪರಿಶೀಲಿಸಿಕೊಳ್ಳುವುದು ಸರಿಯೇ, ಅದು ಅವರಿಗೂ ರಕ್ಷಣೆ. ಖಾಸಗಿ ಭದ್ರತಾ ಏಜೆನ್ಸಿಗೆ 2005ರ ಕಾಯ್ದೆಯಡಿ ಪರವಾನಗಿ ಇದೆಯೇ, ಕಾವಲಿನವರಿಗೆ ತರಬೇತಿ ಆಗಿದೆಯೇ, ಸತತ ಎರಡು ಪಾಳಿ ದುಡಿಸುತ್ತಿಲ್ಲವೇ ಎಂದೂ ಕೇಳಿ. ಹನ್ನೆರಡು ಗಂಟೆ ನಿಂತ ಮನುಷ್ಯ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿರಬೇಕೆಂದು ಬಯಸುವುದು ನ್ಯಾಯವಲ್ಲ. ಇನ್ನೊಂದು ಸತ್ಯವನ್ನೂ ಎದುರಿಗಿಟ್ಟುಕೊಳ್ಳಬೇಕು. ಹೊರವಲಯದಲ್ಲಿ ಅತಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವರು ಗೋಡೆಯೊಳಗಿನವರಲ್ಲ, ತಗಡಿನ ಶೆಡ್ಡುಗಳಲ್ಲಿ ಬಾಗಿಲಿಗೆ ಚಿಲಕವೂ ಇಲ್ಲದೆ ಮಲಗುವ ಹೆಂಗಸರು, ತಂದೆತಾಯಿ ಕೆಲಸಕ್ಕೆ ಹೋದಾಗ ಮರಳ ರಾಶಿಯ ಮೇಲೆ ಆಡುವ ಮಕ್ಕಳು. ಅವರಿಗೆ ಸುರಕ್ಷಿತವಲ್ಲದ ಬೀದಿ ನಮಗೆ ಸುರಕ್ಷಿತವಾಗಿರಲಾರದು.

ಭಯದ ಲೆಕ್ಕವೂ ಎಷ್ಟೋ ಸಲ ತಪ್ಪುತ್ತದೆ. ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಕೊಲೆ ಪ್ರಕರಣಗಳು ವರ್ಷಕ್ಕೆ ಇನ್ನೂರರ ಆಸುಪಾಸು. ರಸ್ತೆ ಅಪಘಾತದಲ್ಲಿ ಸಾಯುವವರು ಎಂಟುನೂರರಿಂದ ಒಂಬೈನೂರು. ಹೊರವರ್ತುಲ ರಸ್ತೆ, ಹೆದ್ದಾರಿ ಬದಿಯ ಬಡಾವಣೆಯಲ್ಲಿ ಕಳ್ಳನಿಗಿಂತ ಟಿಪ್ಪರ್ ಲಾರಿ ಹತ್ತಿರದ ಅಪಾಯ. ಶಾಲೆಯ ಬಸ್ಸಿಗಾಗಿ ಮಗು ರಸ್ತೆ ದಾಟಬೇಕೆ, ದಾಟುವ ಕಡೆ ಹಂಪು, ಸಿಗ್ನಲ್ ಇದೆಯೇ ಎಂಬುದೂ ಸುರಕ್ಷತೆಯ ಪ್ರಶ್ನೆಯೇ. ಯಾವ ಗೋಡೆಯೂ ತಡೆಯದ ಸೈಬರ್ ವಂಚನೆಯ ಸಂಖ್ಯೆಯನ್ನು ಮೇಲೆಯೇ ಹೇಳಿದೆ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲವೆಂದು ಹೇಳಿಕೊಟ್ಟು, 1930 ಎಂಬ ಸಹಾಯವಾಣಿ ಸಂಖ್ಯೆಯನ್ನು ಫೋನಿನ ಪಕ್ಕ ಬರೆದಿಟ್ಟರೆ ಎಷ್ಟೋ ಉಪಕಾರ.

ಮಾತು ಕಾಗದಕ್ಕೆ ಬರಲಿ

ಬಿಲ್ಡರ್ ಕರಪತ್ರದಲ್ಲಿ ಬರೆದ ಕಾಂಪೌಂಡು, ಬೀದಿದೀಪ, ಕ್ಯಾಮೆರಾ, ಕಾವಲು ಕೊಠಡಿ ಬರಿಯ ಮಾತಲ್ಲ. ರೇರಾ ಕಾಯ್ದೆಯ 12ನೇ ಕಲಮಿನಂತೆ, ಜಾಹೀರಾತಿನ ಸುಳ್ಳು ವಿವರ ನಂಬಿ ಹಣ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. 14ನೇ ಕಲಮಿನಂತೆ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿ, ಗುಣಮಟ್ಟ, ಸೇವೆಗಳಲ್ಲಿ ದೋಷ ಕಂಡರೆ ಅವರೇ ಸರಿಪಡಿಸಬೇಕು. ಕರಪತ್ರವನ್ನು ಎಸೆಯದೆ ಕರಾರಿನ ಜೊತೆ ಇಟ್ಟುಕೊಳ್ಳಿ. ಸಂಘಕ್ಕೆ ಹಸ್ತಾಂತರವಾದ ಮೇಲೆ ಕಾವಲಿನವರ ಸಂಖ್ಯೆ ಎಷ್ಟಕ್ಕೆ ಇಳಿಯುತ್ತದೆ ಎಂದೂ ಕೇಳಿ. ಮಾರಾಟ ನಡೆಯುವಷ್ಟು ಕಾಲ ಗೇಟಿನಲ್ಲಿ ಆರು ಜನ, ಮಾರಿ ಮುಗಿದ ಮೇಲೆ ಇಬ್ಬರು, ಇದು ಸಾಮಾನ್ಯ.

ಗೇಟಿನ ಹೊರಗಿನ ದೀಪ ಯಾರದು? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. 2025ರ ಸೆಪ್ಟೆಂಬರಿನಲ್ಲಿ ಅದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿ ಒಡೆಯಿತು. ಆ ವ್ಯಾಪ್ತಿಯೊಳಗೆ ಆರಿದ ದೀಪಕ್ಕೆ 1533ಕ್ಕೆ ಕರೆ ಮಾಡಿ ಕಂಬದ ಸಂಖ್ಯೆ ಹೇಳಬಹುದು. ಆಚೆಗಿನ ಲೇಔಟುಗಳಿಗೆ ಗ್ರಾಮ ಪಂಚಾಯಿತಿಯೇ ಸರ್ಕಾರ. ಬೇಕಾದಷ್ಟು ಬೀದಿದೀಪ ಹಾಕುವುದು, ಅವುಗಳ ವಿದ್ಯುತ್ ಬಿಲ್ ತಪ್ಪದೆ ಕಟ್ಟುವುದು 1993ರ ಪಂಚಾಯತ್ ರಾಜ್ ಕಾಯ್ದೆ ಪಂಚಾಯಿತಿಗೆ ವಿಧಿಸಿದ ಕರ್ತವ್ಯ. ಲೇಔಟಿನ ರಸ್ತೆಗಳನ್ನು ಡೆವಲಪರ್ ಪಂಚಾಯಿತಿಗೆ ಬರೆದುಕೊಟ್ಟಿದ್ದಾರೋ ಇಲ್ಲವೋ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ಕೇಳಿ ತಿಳಿಯಬೇಕು. ಬರೆದುಕೊಟ್ಟಿಲ್ಲದಿದ್ದರೆ ‘ಅದು ಖಾಸಗಿ ರಸ್ತೆ’ ಎಂದು ಪಂಚಾಯಿತಿ, ‘ಮಾರಿ ಆಯಿತು’ ಎಂದು ಡೆವಲಪರ್, ನಡುವೆ ಕತ್ತಲು.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಆ ಸಭೆಯಲ್ಲಿ ನಮ್ಮ ಹೊಸ ಬಡಾವಣೆಗಳ ಜನ ಕಾಣುವುದು ಅಪರೂಪ. ಹಳೆಯ ಊರಿನವರು ಬರುತ್ತಾರೆ, ತಮ್ಮ ಕೇರಿಗೆ ದೀಪ ಕೇಳುತ್ತಾರೆ, ಪಡೆಯುತ್ತಾರೆ. ಬಸ್ ಸ್ಟಾಪಿನಿಂದ ಅಪಾರ್ಟ್‌ಮೆಂಟ್‌ವರೆಗಿನ ರಸ್ತೆಯ ಪರವಾಗಿ ಮಾತಾಡುವವರೇ ಅಲ್ಲಿರುವುದಿಲ್ಲ. ಅಲ್ಲಿ ಕುಳಿತು ಕೇಳುವ ಹಕ್ಕು ಬರುವುದು ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಎಷ್ಟೋ ಮಂದಿಯ ಹೆಸರು ಇನ್ನೂ ಹುಟ್ಟೂರಲ್ಲೋ, ಹಿಂದಿನ ಬಾಡಿಗೆ ಮನೆಯ ವಾರ್ಡಿನಲ್ಲೋ ಇರುತ್ತದೆ. ಹೊಸ ಮನೆಯ ವಿಳಾಸಕ್ಕೆ ಗ್ಯಾಸು, ಆಧಾರ್, ಬ್ಯಾಂಕು ಬದಲಿಸುವ ವಾರವೇ ಮತದಾರರ ಪಟ್ಟಿಗೂ ಫಾರ್ಮ್ 8 ತುಂಬಿ ಕೊಡಿ. ಮುಂದಿನ ಗ್ರಾಮಸಭೆಯ ದಿನ ಗೇಟಿನೆದುರಿನ ದೀಪವಿಲ್ಲದ ಕಂಬಗಳ ಪಟ್ಟಿ ಹಿಡಿದು ಹೋಗಿ. ಹೌಸ್‌ಕೀಪಿಂಗ್‌ನ ಆ ಹೆಂಗಸರಲ್ಲಿ ಅನೇಕರು ಅದೇ ಪಂಚಾಯಿತಿಯ ಮತದಾರರು, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.